ಚನ್ನವ್ವನಿಗೆ ನಿಲ್ಲದ ಬಸ್ಸು

ಸುಗಮಯಾನ ಕಂಪನಿಯ ಚಾಲಕನಿಲ್ಲದ ಬಸ್ಸುಗಳು ಹುಬ್ಬಳ್ಳಿಯ ರಸ್ತೆಗಿಳಿದ ಮೊದಲ ದಿನ, ಅವುಗಳಲ್ಲೊಂದು ಚನ್ನವ್ವನನ್ನು ಕಂಡು ಗಕ್ಕನೆ ನಿಂತಿತು. ಚನ್ನವ್ವ ಆ ಹೊತ್ತಿನಲ್ಲಿ ರಸ್ತೆಯಲ್ಲೇ ಇರಲಿಲ್ಲ. ತನ್ನ ಖಾನಾವಳಿಯ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಸ್ಸು ಕಂಡದ್ದು, ಕೆಟ್ಟು ರಸ್ತೆಯ ಅಂಚಿಗೆ ನಿಂತಿದ್ದ ಹಾಲಿನ ಲಾರಿಯ ಬೆನ್ನಿಗೆ ಅಂಟಿಸಿದ್ದ ಅವಳ ಚಿತ್ರವನ್ನು. ಚಿತ್ರದಲ್ಲಿ ಆಳೆತ್ತರದ ಚನ್ನವ್ವ ಹಾಲಿನ ಲೋಟ ಮುಂದೆ ಚಾಚಿ ನಗುತ್ತಿದ್ದಳು. ಯಾರೋ ಹೆಂಗಸು ರಸ್ತೆ ದಾಟುತ್ತಿದ್ದಾಳೆಂದು ಬಗೆದ ಬಸ್ಸು, ಆಕೆ ದಾಟಲಿ ಎಂದು ಕಾಯುತ್ತ ನಿಂತಿತು. ಚಿತ್ರ ದಾಟಲಿಲ್ಲ, ಬಸ್ಸು ಕದಲಲಿಲ್ಲ. ಹಿಂದಿನ ವಾಹನಗಳೆಲ್ಲ ಹಾರ್ನು ಹೊಡೆದು ಹೊಡೆದು ಸುಸ್ತಾದವು. ಉದ್ಘಾಟನೆಗೆಂದು ಒಳಗೆ ಕೂತಿದ್ದ ಗಣ್ಯರು ಕೊರಳಿನ ಹಾರ ಕಳಚಿ ಸೀಟಿನ ಮೇಲಿಟ್ಟು, ಕೆಳಗಿಳಿದು ನಡೆದುಕೊಂಡು ಹೋದರು.

ಆ ಚಿತ್ರ ತೆಗೆದವಳು ಅಂಬಿಕಾ, ಚನ್ನವ್ವನ ನೆಗೆಣ್ಣಿ. ಅಣ್ಣತಮ್ಮಂದಿರ ಹೆಂಡಂದಿರಾದ ಇಬ್ಬರೂ ಒಂದೇ ಮನೆಯಲ್ಲಿದ್ದರು. ಕೆಳಗೆ ಚನ್ನವ್ವನ ಖಾನಾವಳಿ, ಮೇಲೆ ಅಂಬಿಕಾಳ ಸ್ಟುಡಿಯೋ. ಮದುವೆ ಮುಂಜಿಗಳಿಗೂ ಜನ ತಮ್ಮ ಫೋಟೊ ತಾವೇ ತೆಗೆದುಕೊಳ್ಳತೊಡಗಿದ ಮೇಲೆ ಸ್ಟುಡಿಯೋ ಸೊರಗಿತು. ಆಗ ಅಂಬಿಕಾ 'ಬಿಂಬಲೋಕ' ಎಂಬ ಅಂತರ್ಜಾಲದ ಏಜೆನ್ಸಿಗೆ ಚಿತ್ರಗಳನ್ನು ಮಾರತೊಡಗಿದಳು. ಕೆಲಸ ಸರಳ. ಚಿತ್ರ ತೆಗೆಯಬೇಕು, ಅದರಲ್ಲಿ ಏನೇನಿದೆ ಎಂದು ಹತ್ತಾರು ಪದಗಳಲ್ಲಿ ಹೇಳಬೇಕು, ಏಜೆನ್ಸಿಯ ಕಣಜಕ್ಕೆ ಸುರಿಯಬೇಕು. ಜಾಹೀರಾತಿನವರು ತಮಗೆ ಬೇಕಾದ ಪದ ಹಾಕಿ ಹುಡುಕಿ ಕೊಳ್ಳುತ್ತಾರೆ. ಸಿಂಹಪಾಲು ಏಜೆನ್ಸಿಗೆ, ತೆಗೆದವರಿಗೆ ಚಹಾದ ಖರ್ಚು.

ಮೊದಮೊದಲು ಅಂಬಿಕಾ ತನಗೆ ಚೆಂದ ಕಂಡದ್ದನ್ನು ಕಳಿಸಿದಳು. ಉಣಕಲ್ಲ ಕೆರೆಯ ಮೇಲಿನ ಬೆಳಗಿನ ಮಂಜು, ಮಿರ್ಚಿ ಕರಿಯುವವನ ಹೊಗೆಯೊಳಗಿನ ಮುಖ, ಜೋಳದ ಚೀಲಗಳ ಮೇಲೆ ನಿದ್ದೆಹೋದ ಹಮಾಲ. 'ವಾಣಿಜ್ಯ ಮೌಲ್ಯವಿಲ್ಲ' ಎಂದು ಎಲ್ಲವೂ ಹಿಂದಕ್ಕೆ ಬಂದವು. ಯಾವುದಕ್ಕೆ ಮೌಲ್ಯವಿದೆ ಎಂದು ಅವಳಿಗೆ ಅರ್ಥವಾಗಲು ಬಹಳ ಕಾಲ ಬೇಕಾಗಲಿಲ್ಲ. ಒಬ್ಬಳೇ ಕೂತು ಹಸಿ ಸೊಪ್ಪು ತಿನ್ನುತ್ತ ಹಲ್ಲು ಕಿರಿಯುವ ಹೆಂಗಸಿಗೆ ಮೌಲ್ಯವಿತ್ತು. ವಿಮಾ ಪತ್ರವನ್ನು ಎದೆಗವಚಿಕೊಂಡು ಆಕಾಶ ನೋಡುವ ಹೆಂಗಸಿಗೆ ಮೌಲ್ಯವಿತ್ತು. ಒಗೆದ ಅಂಗಿಯನ್ನು ಮೂಸಿ ಮೋಕ್ಷ ಕಂಡವಳಂತೆ ಕಣ್ಣು ಮುಚ್ಚುವವಳಿಗಂತೂ ಕೊಳ್ಳುವವರು ಮುಗಿಬಿದ್ದರು. ಹುಟ್ಟಿದಾರಭ್ಯ ಒಂದು ಅಂಗಿಯನ್ನೂ ಒಗೆಯದವರೇ ಇಂಥವನ್ನು ಕೇಳುತ್ತಾರೆಂಬುದರಲ್ಲಿ ಅಂಬಿಕಾಳಿಗೆ ಅನುಮಾನವಿರಲಿಲ್ಲ. ಆದರೆ ಕೇಳಿದ್ದನ್ನು ಕೊಟ್ಟಳು.

ಕೊಡಲು ಮನೆಯಲ್ಲೇ ಮುಖವೊಂದಿತ್ತು. ಚನ್ನವ್ವನದು ಎಲ್ಲಿಟ್ಟರೂ ಒಗ್ಗುವ ಮುಖ. ಬಿಳಿ ಕೋಟು ತೊಡಿಸಿದರೆ ನರ್ಸು, ತಲೆಗೆ ಸೆರಗು ಹೊದಿಸಿದರೆ ರೈತಳು, ಕನ್ನಡಕ ಇಟ್ಟರೆ ಬ್ಯಾಂಕಿನ ಮ್ಯಾನೇಜರು. ಮಧ್ಯಾಹ್ನ ಊಟದ ಗಿರಾಕಿಗಳು ಹೋದ ಮೇಲೆ ಅವಳು ಕೈ ತೊಳೆದು ಮೇಲೆ ಬರುತ್ತಿದ್ದಳು.

"ಇವತ್ತೇನಾಗಬೇಕವಾ ನಾನು?"

"ಇವತ್ತು ಮಂಡಿನೋವು ಅಕ್ಕಾ."

"ನಿನ್ನೆ ತಲಿನೋವು, ಇವತ್ತು ಮಂಡಿನೋವು. ನಾ ಸತ್ತಂಗ ಮಾಡೂದು ಯಾವತ್ತು?"

"ಅದಕ್ಕ ಬೇಡಿಕಿ ಇಲ್ಲಕ್ಕಾ. ನೀ ಅಳೂದಕ್ಕ ಭಾಳ ಐತಿ."

ಹೀಗೆ ನಕ್ಕು, ಅತ್ತು, ಕೈಮುಗಿದು, ಬೆರಗಾಗಿ ಚನ್ನವ್ವ ಊರೂರಿನ ಗೋಡೆಗಳಿಗೆ ಅಂಟಿದಳು. ಸಾಬೂನಿನ ಪೊಟ್ಟಣದಲ್ಲಿ, ಮೂಲವ್ಯಾಧಿಯ ಮುಲಾಮಿನ ಮೇಲೆ, ಸಾಲ ಕೊಡುವವರ ಫಲಕದಲ್ಲಿ ಅವಳೇ. ಮೂಲವ್ಯಾಧಿಯ ವಿಷಯವಾಗಿ ಮಾತ್ರ ಅವಳು ಅಂಬಿಕಾಳ ಜೊತೆ ಒಂದು ವಾರ ಮಾತು ಬಿಟ್ಟಿದ್ದಳು. ಉಳಿದದ್ದಕ್ಕೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು.

*

ಬಸ್ಸು ನಿಂತ ಮರುದಿನ ಸುಗಮಯಾನದ ನಿಯಂತ್ರಣ ಕೊಠಡಿಯಲ್ಲಿ ಸಭೆ ಸೇರಿತು. ಕಂಪನಿಯ ಮುಖ್ಯ ವಿಜ್ಞಾನಿ ಡಾ. ಪ್ರಫುಲ್ಲಚಂದ್ರ ಕಂಚಿನ ಕಂಠದ ಮನುಷ್ಯ. ಸಮಸ್ಯೆಗಳಿಗೆ ಹೆಸರಿಡುವುದರಲ್ಲಿ ನಿಸ್ಸೀಮ. ಇದಕ್ಕೂ 'ದೃಶ್ಯಗೊಂದಲ' ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಅರ್ಧ ಪರಿಹಾರ ಸಿಕ್ಕಂತೆಯೇ ಎಂಬುದು ಅವರ ನಂಬಿಕೆ.

ಆ ಬಸ್ಸುಗಳಿಗಿದ್ದ ಕಣ್ಣು ಬರೀ ಕ್ಯಾಮೆರಾ. ಎದುರಿನದು ಚಪ್ಪಟೆಯೋ ದುಂಡಗಿದೆಯೋ, ಎಷ್ಟು ದೂರದಲ್ಲಿದೆ ಎಂದು ಬೆಳಕು ಎಸೆದು ಅಳೆಯುವ ಲೇಸರ್ ಕಣ್ಣನ್ನು, ದುಬಾರಿಯೆಂದು ಕಂಪನಿ ಆರಂಭದಲ್ಲೇ ಕೈಬಿಟ್ಟಿತ್ತು. ಹೀಗಾಗಿ ಮನುಷ್ಯರಂತೆ ಕಂಡದ್ದೆಲ್ಲ ಬಸ್ಸಿಗೆ ಮನುಷ್ಯರೇ.

"ಸರ್, ಆ ಲೇಸರ್ ಕಣ್ಣು ಹಾಕಿಸಿಬಿಡೋಣ್ರಿ," ಎಂದಳು ಕಿರಿಯ ಎಂಜಿನಿಯರ್ ತಬಸ್ಸುಮ್. ಅವಳು ಇದೇ ಊರಿನವಳು, ಬಸ್ಸುಗಳಿಗೆ ನೋಡಲು ಕಲಿಸುವ ತಂಡದಲ್ಲಿದ್ದಳು.

"ತಬಸ್ಸುಮ್, ಯಂತ್ರಾಂಶದಿಂದ ಯೋಚಿಸುವುದು ಹಳೇ ಕಾಲದ ಅಭ್ಯಾಸ," ಎಂದರು ಪ್ರಫುಲ್ಲಚಂದ್ರ. "ಜಾಹೀರಾತಿನ ಮುಖಗಳೆಲ್ಲ ಎಲ್ಲಿಂದ ಬರುತ್ತವೆ? ಬಿಂಬಲೋಕದಿಂದ. ಅವರ ಸಂಗ್ರಹವನ್ನು ಪೂರ್ತಿ ತನ್ನಿ. ಇವೆಲ್ಲ ಚಿತ್ರಗಳು, ಇವಕ್ಕೆ ನಿಲ್ಲಬೇಡ ಅಂತ ಬಸ್ಸಿಗೆ ಕಲಿಸಿ. ಮುಗಿಯಿತು."

"ಆ ಚಿತ್ರದಾಗಿನ ಮಂದಿ ಖರೇನ ಎದುರಿಗೆ ಬಂದ್ರ ಸರ್?"

ಪ್ರಫುಲ್ಲಚಂದ್ರ ನಕ್ಕರು. ಸಭೆಯಲ್ಲಿದ್ದವರೂ ನಕ್ಕರು, ಅವರು ನಕ್ಕರೆಂಬ ಕಾರಣಕ್ಕೆ. "ಅವರೆಲ್ಲ ಮಾಡೆಲ್‌ಗಳಮ್ಮ. ಮುಂಬೈಯಲ್ಲೋ ಮಾಸ್ಕೋದಲ್ಲೋ ಇರುತ್ತಾರೆ. ಹುಬ್ಬಳ್ಳಿಯಲ್ಲಿ ರಸ್ತೆ ದಾಟೋಕೆ ಬರ್ತಾರಾ?"

ಬಿಂಬಲೋಕ ಸಂತೋಷದಿಂದ ಸಂಗ್ರಹ ಮಾರಿತು. ಅದು ಏನನ್ನಾದರೂ ಸಂತೋಷದಿಂದಲೇ ಮಾರುತ್ತಿತ್ತು. ಬಸ್ಸುಗಳು ಮತ್ತೆ ಓಡತೊಡಗಿದವು. ಹಾಲಿನ ಲಾರಿಯನ್ನು ಕಂಡು ಯಾವುದೂ ನಿಲ್ಲಲಿಲ್ಲ. ಆ ವರ್ಷ ಪ್ರಫುಲ್ಲಚಂದ್ರರಿಗೆ ಪ್ರಶಸ್ತಿಯೊಂದು ಬಂತು.

*

ಚನ್ನವ್ವ ಸಂತೆಯಿಂದ ಬದನೆಕಾಯಿ ಹೊತ್ತು ಬರುತ್ತಿದ್ದಳು. ಸಿಗ್ನಲ್ ಇಲ್ಲದ ಕಡೆ, ಪಾದಚಾರಿಗಳಿಗೆಂದು ಬಳಿದ ಬಿಳಿ ದಾಟುಪಟ್ಟಿಯ ಮೇಲೆ ಕಾಲಿಟ್ಟಳು. ಆಚೆ ಬದಿಯಿಂದ ಪರಿಚಯದ ಹೂವಿನವಳು ಏನೋ ಕೂಗಿ ಕೇಳಿದಳು; ಚನ್ನವ್ವ ನಗುತ್ತ ಅವಳ ಕಡೆ ಕೈಯೆತ್ತಿದಳು. ದೂರದಲ್ಲಿದ್ದ ಬಸ್ಸು ತನಗಾಗಿ ನಿಧಾನಿಸುತ್ತದೆಂದು ಎಲ್ಲರಂತೆ ಅವಳೂ ನಂಬಿದ್ದಳು. ಅದು ಒಂದಿಷ್ಟೂ ನಿಧಾನಿಸಲಿಲ್ಲ. ಹೂವಿನವಳು ಚೀರಿದಾಗ ಚನ್ನವ್ವ ಹಿಂದಕ್ಕೆ ಜಿಗಿದಳು. ಬಸ್ಸು ಮೂಲೆಯಿಂದ ಅವಳ ಭುಜಕ್ಕೆ ಬಡಿದು, ಅವಳನ್ನು ಕೆಡವಿ, ಬದನೆಕಾಯಿಯ ಬುಟ್ಟಿಯ ಮೇಲೆ ಹಾದು ಹೋಯಿತು. ಒಳಗಿದ್ದ ಪ್ರಯಾಣಿಕರಿಗೆ ಸಣ್ಣದೊಂದು ಕುಲುಕಾಟ ಗೊತ್ತಾಯಿತಷ್ಟೆ. ಮುಂದಿನ ನಿಲ್ದಾಣದಲ್ಲಿ ಬಸ್ಸು ಸಮಯಕ್ಕೆ ಸರಿಯಾಗಿ ಬಾಗಿಲು ತೆರೆದು, ಎಲ್ಲರಿಗೂ ಶುಭದಿನ ಕೋರಿತು.

ತೋಳಿನ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಚನ್ನವ್ವ ಜಗಲಿಯ ಮೇಲೆ ಕೂತು, "ನನ್ನ ನೋಡೇ ಇಲ್ಲವಾ ಅದು," ಎಂದಳು. "ನಾಯಿ ಅಡ್ಡ ಬಂದ್ರ ನಿಂದರ್ತೈತಿ. ಎಮ್ಮಿ ಬಂದ್ರ ನಿಂದರ್ತೈತಿ. ನಾ ಎಮ್ಮಿಗಿಂತ ಸಣ್ಣ ಕಂಡ್ನೇನು?"

ಅಂಬಿಕಾ ಕಂಪನಿಗೆ ದೂರು ಕೊಟ್ಟಳು. ನಿಯಂತ್ರಣ ಕೊಠಡಿಯಲ್ಲಿ ಆ ಹೊತ್ತಿನ ದಾಖಲೆ ತೆಗೆದು ನೋಡಿದರು. ಪರದೆಯ ಮೇಲೆ ಚನ್ನವ್ವ ಕೈಯೆತ್ತಿ ನಗುತ್ತ ದೊಡ್ಡದಾಗುತ್ತ ಬಂದಳು. ಅವಳ ಸುತ್ತ ಬಸ್ಸು ಒಂದು ಬೂದು ಚೌಕ ಎಳೆದು 'ಜಾಹೀರಾತು' ಎಂದು ಗುರುತು ಮಾಡಿತ್ತು. ನೆಲಕ್ಕೆ ಬಿದ್ದಾಗಲೂ ಚೌಕ ಅವಳ ಜೊತೆಗೇ ಬಿತ್ತು.

"ವ್ಯವಸ್ಥೆ ಕಲಿಸಿದಂತೆಯೇ ವರ್ತಿಸಿದೆ," ಎಂದು ಪ್ರಫುಲ್ಲಚಂದ್ರ ಷರಾ ಹಾಕಿದರು. "ದೋಷವೇನೂ ಇಲ್ಲ."

"ಇವರಿಗೆ ಮಾತ್ರ ನಿಲ್ಲು ಅಂತ ತಿದ್ದಬಹುದಲ್ಲ ಸರ್," ಎಂದಳು ತಬಸ್ಸುಮ್.

"ತಿದ್ದಿದರೆ? ಊರಿನ ತುಂಬ ಇವರದೇ ಫಲಕ. ಪ್ರತಿಯೊಂದಕ್ಕೂ ಬಸ್ಸು ನಿಲ್ಲುತ್ತೆ. ನಮ್ಮ ಬಸ್ಸಿನ ಬೆನ್ನ ಮೇಲೇ ಇವರಿದ್ದಾರೆ. ಹಿಂದಿನ ಬಸ್ಸು ಮುಂದಿನ ಬಸ್ಸಿಗೆ ದಾರಿ ಬಿಡುತ್ತಾ ಕೂತಿರಬೇಕೇನು? ಒಬ್ಬರಿಗೋಸ್ಕರ ಊರನ್ನ ನಿಲ್ಲಿಸೋಕಾಗಲ್ಲ."

ಕಂಪನಿ ದೂರಿಗೆ ಉತ್ತರವನ್ನೇ ಕೊಡಲಿಲ್ಲ. ಅಂಬಿಕಾ ಬಿಂಬಲೋಕವನ್ನು ಕೇಳಿಕೊಂಡಳು: ಚಿತ್ರಗಳನ್ನು ಹಿಂತೆಗೆದುಕೊಳ್ಳಿ. ಅಲ್ಲಿ ಮನುಷ್ಯರು ಮಾತಿಗೆ ಸಿಗುತ್ತಿರಲಿಲ್ಲ. ಜೇನು ಸವರಿದ ಯಂತ್ರಧ್ವನಿಯೊಂದು, "ನಿಮ್ಮ ಭಾವನೆಗಳನ್ನು ನಾವು ಗೌರವಿಸುತ್ತೇವೆ. ಮಾರಾಟವಾದ ಚಿತ್ರಗಳನ್ನು ಹಿಂಪಡೆಯಲಾಗದು. ಈ ವಾರ 'ಪೆಟ್ಟಾದ ಕೈ, ಭಾರತೀಯ ಮಹಿಳೆ' ವಿಷಯಕ್ಕೆ ಒಳ್ಳೆಯ ಬೇಡಿಕೆಯಿದೆ," ಎಂದಿತು. ಅಂಬಿಕಾ ಕ್ಯಾಮೆರಾವನ್ನು ಗೋಡೆಗೆ ಎಸೆಯಲು ಎತ್ತಿದವಳು, ಅದರ ಕಂತು ನೆನಪಾಗಿ ಮೆಲ್ಲಗೆ ಮೇಜಿನ ಮೇಲಿಟ್ಟಳು. ಆಮೇಲೆ ಕೂತು ಅತ್ತಳು.

*

ಪ್ಲಾಸ್ಟರ್ ಬಿಚ್ಚಿಸಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ತಬಸ್ಸುಮ್ ಖಾನಾವಳಿಗೆ ಬಂದಳು. ಊಟ ಮಾಡಲಿಲ್ಲ. ತಾನು ಯಾರೆಂದು ಹೇಳಿ, ಬಸ್ಸು ಯಾಕೆ ನಿಲ್ಲಲಿಲ್ಲ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ತಲೆ ತಗ್ಗಿಸಿಕೊಂಡೇ ವಿವರಿಸಿದಳು. ಚನ್ನವ್ವ ಕೇಳಿ ಮುಗಿಸಿ, "ಅಂದ್ರ ನಾ ಚಿತ್ರ," ಎಂದಳು.

"ಬಸ್ಸಿನ ಲೆಕ್ಕದಾಗ ಹೌದ್ರಿ."

ತಬಸ್ಸುಮ್ ತನ್ನ ಫೋನಿಗೆ ಬಸ್ಸಿನ ಕಣ್ಣನ್ನೇ ಅಳವಡಿಸಿ ತಂದಿದ್ದಳು. ಚನ್ನವ್ವನ ಎದುರಿಗೆ ಹಿಡಿದಳು. "ಹಾಂಗ ನಗ್ರಿ ಅಕ್ಕಾರ." ಬೂದು ಚೌಕ ಬಂತು: ಜಾಹೀರಾತು. "ಅಳ್ರಿ." ಜಾಹೀರಾತು. ಕೈಮುಗಿದರೂ ಜಾಹೀರಾತು, ಹಣೆ ಒತ್ತಿಕೊಂಡರೂ ಜಾಹೀರಾತು, ಸುಮ್ಮನೆ ಇದ್ದರೂ ಜಾಹೀರಾತು. ಅಂಬಿಕಾ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಅವಳು ಕೆಲಸಗಳ್ಳಿಯಲ್ಲ, ಚನ್ನವ್ವನ ಮುಖದಲ್ಲಿ ಮಾರಬಹುದಾದ ಒಂದು ಸುಕ್ಕನ್ನೂ ಬಿಟ್ಟಿರಲಿಲ್ಲ.

"ಇನ್ನೊಮ್ಮೆ ಸ್ವಲ್ಪ ಬ್ಯಾರೆ ಥರಾ ನಗ್ರಿ," ಎಂದಳು ತಬಸ್ಸುಮ್.

ಚನ್ನವ್ವನಿಗೆ ಸಾಕಾಗಿತ್ತು. ತುಟಿಯ ಒಂದು ಕೊನೆ ಕೆಳಗಿಳಿದು, ಮೂಗಿನ ಹೊಳ್ಳೆ ಅರಳಿ, ಅರೆಮುಚ್ಚಿದ ಕಣ್ಣುಗಳಿಂದ ಅವಳು ಆ ಫೋನನ್ನು, ಅದರಾಚೆಗಿನ ಕಂಪನಿಯನ್ನು, ಕಂಪನಿಯಾಚೆಗಿನ ಇಡೀ ಲೋಕವನ್ನು ಚಪ್ಪಲಿಗಂಟಿದ ಸೆಗಣಿಯನ್ನು ನೋಡುವಂತೆ ನೋಡಿದಳು. ಫೋನು ಟಿಣ್ ಎಂದಿತು. ಹಸಿರು ಚೌಕ: 'ವ್ಯಕ್ತಿ.'

ತಬಸ್ಸುಮ್ ಫೋನನ್ನು ಬಾಗಿಲ ಕಡೆ ತಿರುಗಿಸಿ ತೋರಿಸಿದಳು.

"ಇದನ್ನ ನೀವು ಮಾರಿಲ್ಲೇನ್ರಿ?" ಎಂದು ತಬಸ್ಸುಮ್ ಅಂಬಿಕಾಳನ್ನು ಕೇಳಿದಳು.

"ತಿರಸ್ಕಾರ ಯಾರು ಕೊಳ್ತಾರ?" ಎಂದಳು ಅಂಬಿಕಾ. "ಅದರಿಂದ ಸಾಬೂನು ಮಾರಾಕ ಬರೂದಿಲ್ಲ."

ಅಂದಿನಿಂದ ಚನ್ನವ್ವ ಬೀದಿಗಿಳಿಯುವಾಗ ತಿರಸ್ಕಾರ ತೊಟ್ಟು ಇಳಿಯತೊಡಗಿದಳು. ಉಪಾಯ ಫಲಿಸಿತು. ದಾಟುಪಟ್ಟಿಯ ಮೇಲೆ ಅವಳು ಮೂತಿ ಸೊಟ್ಟ ಮಾಡಿದರೆ ಬಸ್ಸುಗಳು ವಿನಯದಿಂದ ನಿಂತವು. ಆದರೆ ಮುಖವನ್ನು ಮನೆಗೆ ಬಂದ ಕೂಡಲೇ ಕಳಚಿ ಗೂಟಕ್ಕೆ ಹಾಕಲು ಅದೇನು ಟೊಪ್ಪಿಗೆಯೇ? ಗಿರಾಕಿಗಳು ಎರಡನೇ ಸಲ ಝುಣಕ ಕೇಳಲು ಹೆದರಿದರು. "ಬೋರ್ಡಿನ ಮ್ಯಾಲ ಬಂದಾಳಂತ ಸೊಕ್ಕು ಬಂದೈತಿ," ಎಂದು ಓಣಿಯವರು ಆಡಿಕೊಂಡರು. ತವರಿನ ಕಡೆಯವರ ಮದುವೆಯಲ್ಲಿ ಬೀಗರು ಅವಳ ಮುಖ ನೋಡಿ, ಸೀರೆಯ ಉಡುಗೊರೆ ಸೇರಲಿಲ್ಲವೇನೋ ಎಂದು ಬೇರೆ ಸೀರೆ ತಂದಿಟ್ಟರು. ಸಂಜೆ ಹೊತ್ತಿಗೆ ಕೆನ್ನೆ ನೋಯುತ್ತಿತ್ತು. ಅಂಬಿಕಾ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಒಂದು ದಿನ ಚನ್ನವ್ವ ರಸ್ತೆಯ ನಡುವಿನಲ್ಲಿದ್ದಾಗ ಎದುರು ಬದಿಯಿಂದ ಅವಳ ತಂಗಿಯ ಮೊಮ್ಮಗು, ಆಗಷ್ಟೇ ನಡೆಯಲು ಕಲಿತದ್ದು, ತಾಯಿಯ ಕೈಯಲ್ಲಿದ್ದುಕೊಂಡೇ "ಆಯೀ" ಎಂದಿತು. ಅಜ್ಜಿಯನ್ನು ಕರೆದ ಅದೇ ಅದರ ಮೊದಲ ಮಾತು. ಚನ್ನವ್ವನ ಮುಖ ತಾನಾಗಿಯೇ ಅರಳಿತು. ಅರಳಿದ ಮರುಕ್ಷಣ, ಎಡಗಡೆ ನಿಂತು ಕಾಯುತ್ತಿದ್ದ ಬಸ್ಸು ಹೊರಟಿತು. ಯಾರೋ ಅವಳ ಸೆರಗು ಹಿಡಿದು ಎಳೆದರು.

ಆ ಸಂಜೆ ಅವಳು ಎಣ್ಣೆಯ ಬಟ್ಟಲನ್ನು ದೂರ ಸರಿಸಿದಳು.

"ಮಗು ಕರೆದ್ರ ನಗಬಾರ್ದಂದ್ರ ಇದೆಂಥಾ ಬಾಳೇವು ಅಂಬಿಕಾ? ಆ ಕಂಪನ್ಯಾಗ ದೊಡ್ಡಾಂವ ಯಾರದಾನ, ಅವನ ಹಂತೇಕ ನಡಿ."

*

ಹೋಗಬೇಕಾಗಿ ಬರಲಿಲ್ಲ, ಕಂಪನಿಯೇ ಕರೆಯಿತು. ತಬಸ್ಸುಮ್ ಒಳಗೆ ಜಗಳವಾಡಿ ಕೆಲಸ ಬಿಟ್ಟಿದ್ದಳು, ಸುದ್ದಿ ಪತ್ರಿಕೆಗಳಿಗೆ ಮುಟ್ಟಿತ್ತು. ಕಂಪನಿ ತನ್ನ ಡಿಪೋದಲ್ಲಿ ಶಾಮಿಯಾನ ಹಾಕಿಸಿ ವರದಿಗಾರರನ್ನು ಕರೆಸಿತು. ಅಂಗಳದಲ್ಲಿ ತೊಳೆದ ಬಸ್ಸೊಂದು ಹೊಳೆಯುತ್ತ ನಿಂತಿತ್ತು. ಪ್ರಫುಲ್ಲಚಂದ್ರ ಮೈಕಿನ ಮುಂದೆ ನಿಂತು, 'ಮಾನವ ಕೇಂದ್ರಿತ' ಎಂಬ ಮಾತನ್ನು ಉಸಿರಿಗೊಮ್ಮೆ ಬಳಸಿ ಭಾಷಣ ಮಾಡಿದರು. ಬಿಂಬಲೋಕದ ಹೊಸ ಚಿತ್ರಗಳನ್ನು ತಿಂಗಳಿಗೊಮ್ಮೆ ಎಲ್ಲ ಬಸ್ಸುಗಳಿಗೂ ಕಲಿಸುತ್ತೇವೆಂದು ಹೆಮ್ಮೆಯಿಂದ ಹೇಳಿದರು. ಕೊನೆಗೆ ಪರಿಹಾರವನ್ನು ತಟ್ಟೆಯಲ್ಲಿ ತರಿಸಿದರು. ಅದೊಂದು ಹಳದಿ ಕವಚ. ಎದೆಯ ಮೇಲೂ ಬೆನ್ನ ಮೇಲೂ, ಬಸ್ಸಿಗೆ ಓದಲು ಬರುವಂತೆ ಚೌಕಟ್ಟು ಹಾಕಿ, ದಪ್ಪಕ್ಷರದಲ್ಲಿ ಬರೆದಿತ್ತು: 'ನಾನು ವ್ಯಕ್ತಿ.'

"ಇದನ್ನು ಧರಿಸಿದರೆ ಚನ್ನವ್ವನವರು ಎಲ್ಲಿ ಬೇಕಾದರೂ ನಿರ್ಭಯವಾಗಿ ನಗಬಹುದು," ಎಂದರು. ಚಪ್ಪಾಳೆ ಬಿತ್ತು.

ಚನ್ನವ್ವ ಕವಚವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಓದಿ, ತಟ್ಟೆಗೇ ಹಾಕಿದಳು.

"ಸಾಯೂತನಕ ಇದನ್ನ ಹಾಕ್ಕೊಂಡು ಓಡಾಡ್ಬೇಕೇನ್ರಿ?"

"ಹೊರಗೆ ಬಂದಾಗ ಮಾತ್ರ."

"ನಾ ಮನಷಾಳು ಅಂತ ಬೋರ್ಡ್ ಕಟ್ಟಿಕೊಂಡು?"

"ನೋಡಿ, ನೀವು ದುಡ್ಡು ತಗೊಂಡೇ ಮುಖ ಮಾರಿದ್ದೀರಿ," ಎಂದರು ಪ್ರಫುಲ್ಲಚಂದ್ರ, ಮೈಕಿಗೆ ಅಂಗೈ ಅಡ್ಡ ಹಿಡಿದು. "ಮುಖ ಮಾರಿಕೊಂಡವರು ಸ್ವಲ್ಪ ತೊಂದರೆ ತಡೆದುಕೊಳ್ಳಬೇಕಾಗುತ್ತೆ."

ಅಂಬಿಕಾ ಎದ್ದು ನಿಂತಳು. ಬಿಂಬಲೋಕದಲ್ಲಿ ಚನ್ನವ್ವನ ಇನ್ನಷ್ಟು ಚಿತ್ರಗಳು ಎಲ್ಲೆಲ್ಲಿ ಹೋಗಿವೆಯೆಂದು ಹಿಂದಿನ ದಿನವೆಲ್ಲ ಹುಡುಕುತ್ತಿದ್ದವಳಿಗೆ ಬೇರೊಂದು ಚಿತ್ರ ಸಿಕ್ಕಿತ್ತು. ಫೋನನ್ನು ಎತ್ತಿ ವರದಿಗಾರರ ಕಡೆ ತಿರುಗಿಸಿದಳು. 'ಆತ್ಮವಿಶ್ವಾಸದ ಭಾರತೀಯ ವಿಜ್ಞಾನಿ, ಕೈ ಕಟ್ಟಿದ, ನಗುಮುಖ.' ಸೂಟು ತೊಟ್ಟ ಪ್ರಫುಲ್ಲಚಂದ್ರ ಕಿಟಕಿಯ ಬೆಳಕಿನಲ್ಲಿ ನಿಂತು ಭವಿಷ್ಯವನ್ನು ನೋಡುತ್ತಿದ್ದರು. ಪ್ರಶಸ್ತಿ ಬಂದಾಗ ಕಂಪನಿಯ ಪ್ರಚಾರ ವಿಭಾಗ ಅವರ ಚಿತ್ರಗಳನ್ನು ಬಿಟ್ಟಿಯಾಗಿ ಏಜೆನ್ಸಿಗೆ ಹಂಚಿತ್ತು. ಏಜೆನ್ಸಿ ಅವನ್ನು ಕೂದಲು ಬೆಳೆಸುವ ಎಣ್ಣೆಯವರಿಗೂ ಮಾರಿತ್ತು.

"ತಿಂಗಳಿಗೊಮ್ಮೆ ಬಿಂಬಲೋಕದ ಹೊಸ ಚಿತ್ರ ಎಲ್ಲಾ ಬಸ್ಸಿಗೆ ಕಲಿಸ್ತೀರಂತ ಈಗಷ್ಟ ನೀವ ಹೇಳಿದ್ರಿ," ಎಂದಳು ಅಂಬಿಕಾ. "ಹಂಗಾದ್ರ ನಿಮ್ಮನ್ನೂ ಕಲಿಸಿರ್ತೀರಿ."

ಶಾಮಿಯಾನದಲ್ಲಿ ಗುಜುಗುಜು ಎದ್ದಿತು. ಚನ್ನವ್ವ ಬಸ್ಸಿನ ಕಡೆ ಕೈ ತೋರಿಸಿದಳು.

"ವ್ಯವಸ್ಥಾದಾಗ ದೋಷ ಇಲ್ಲಲ್ರಿ? ಬರ್ರಿ. ಬಸ್ಸಿನ ಮುಂದ ಹೋಗಿ ಆ ಚಿತ್ರದಾಗ ನಕ್ಕಂಗ ನಗ್ರಿ. ಬೇಕಾದ್ರ ಆ ಕವಚ ಹಾಕ್ಕೊರ್ರಿ. ನಾನೇ ಗುಂಡಿ ಹಾಕ್ತೀನಿ."

ಕ್ಯಾಮೆರಾಗಳೆಲ್ಲ ಪ್ರಫುಲ್ಲಚಂದ್ರರ ಕಡೆ ತಿರುಗಿದವು. ಅವರು ಬಸ್ಸನ್ನು ನೋಡಿದರು. ಕವಚವನ್ನು ನೋಡಿದರು. ಇಷ್ಟು ದಿನ ಲಕ್ಷಾಂತರ ಜನರ ಪ್ರಾಣವನ್ನು ಯಾವ ಅಳುಕಿಲ್ಲದೆ ಆ ಬಸ್ಸಿನ ಮುಂದಿಟ್ಟಿದ್ದ ಮನುಷ್ಯ ತನ್ನ ಒಂದು ಹೆಜ್ಜೆಯನ್ನು ಅದರ ಕಡೆ ಎತ್ತಲಿಲ್ಲ. "ಇದಕ್ಕೆ ಒಂದು ಶಿಷ್ಟಾಚಾರ, ಒಂದು ಅನುಮತಿ ಅಂತ ಇರುತ್ತೆ," ಎಂದರು. ಕಂಚಿನ ಕಂಠ ಸೀಳಿತ್ತು. "ನನಗೊಂದು ಮೀಟಿಂಗ್ ಇದೆ." ವೇದಿಕೆಯಿಂದ ಇಳಿದು ಹೋಗುವಾಗ, ಬಸ್ಸಿನ ಮುಂದಿನಿಂದ ಹಾಯುವ ಹತ್ತಿರದ ದಾರಿ ಬಿಟ್ಟು, ಅದರ ಹಿಂದಿನಿಂದ ಸುತ್ತು ಹಾಕಿದರು. ಅದನ್ನು ಇಡೀ ರಾಜ್ಯ ನೋಡಿತು.

ಮರುದಿನದಿಂದ ಬಸ್ಸುಗಳು ಡಿಪೋ ಸೇರಿದವು. ಮಳೆಗಾಲ ಕಳೆದು ಮತ್ತೆ ಬಂದಾಗ ಅವುಗಳ ಹಣೆಯ ಮೇಲೆ ದೂರ ಅಳೆಯುವ ಲೇಸರ್ ಕಣ್ಣುಗಳಿದ್ದವು. ದುಬಾರಿಯೆಂದವರೇ ಅದನ್ನು ತಮ್ಮ ಹೊಸ ಸಂಶೋಧನೆಯೆಂದು ಹೇಳಿಕೊಂಡರು. ಪ್ರಫುಲ್ಲಚಂದ್ರ ಬೇರೊಂದು ಕಂಪನಿಗೆ, ಇನ್ನೂ ದೊಡ್ಡ ಹುದ್ದೆಗೆ ಹೋದರು. ಅಂಥವರು ಕೆಳಗೆ ಬೀಳುವುದಿಲ್ಲ, ಪಕ್ಕಕ್ಕೆ ಬೀಳುತ್ತಾರೆ. ಬಿಂಬಲೋಕಕ್ಕೆ ಏನೂ ಆಗಲಿಲ್ಲ. ಅಂಬಿಕಾ ಅದಕ್ಕೆ ಮತ್ತೆ ಚಿತ್ರ ಕಳಿಸಲಿಲ್ಲ.

ಹೊಸ ಬಸ್ಸು ಬಂದ ದಿನ ಚನ್ನವ್ವ ದಾಟುಪಟ್ಟಿಯ ಬಳಿಗೆ ಹೋದಳು. ಅಂಬಿಕಾ, "ಬ್ಯಾಡಕ್ಕಾ, ಇವತ್ತೊಂದಿನ ಮಾರಿ ಗಂಟು ಹಾಕ್ಕೊಂಡ ದಾಟು," ಎಂದು ಕೈ ಹಿಡಿದು ಜಗ್ಗಿದಳು. ಚನ್ನವ್ವ ಕೈ ಬಿಡಿಸಿಕೊಂಡು ಪಟ್ಟಿಯ ನಡುವಿಗೆ ನಡೆದು, ಬರುತ್ತಿದ್ದ ಬಸ್ಸಿಗೆ ಎದುರಾಗಿ ನಿಂತಳು. ಮೊದಲು ಮುಖ ಒಪ್ಪಲಿಲ್ಲ. ಆಮೇಲೆ ಕೆನ್ನೆ ಸಡಿಲವಾಗಿ, ಹಾಲು, ಸಾಬೂನು, ಸಾಲ ಎಲ್ಲವನ್ನೂ ಮಾರಿದ್ದ ಆ ನಗು ತುಟಿಯ ಮೇಲೆ ಬಂತು. ಅಂಬಿಕಾ ಕಣ್ಣು ಮುಚ್ಚಿಕೊಂಡಳು.

ಬಸ್ಸು ನಿಧಾನಿಸಿತು, ಮತ್ತೂ ನಿಧಾನಿಸಿತು, ಅವಳಿಂದ ಮಾರು ದೂರದಲ್ಲಿ ನಿಂತಿತು.

ಚನ್ನವ್ವ ದಾಟಲಿಲ್ಲ. ನಿಂತಲ್ಲೇ ನಿಂತು ಬಾಯೊಳಗಿನ ಎಲೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿ ನಿಧಾನವಾಗಿ ಅಗಿಯತೊಡಗಿದಳು. ಹಿಂದೆ ವಾಹನಗಳ ಸಾಲು ಬೆಳೆಯಿತು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. "ಯವ್ವಾ, ದಾಟಬೇ! ನಾವು ಕೆಲಸಕ್ಕ ಹೋಗಬೇಕು!" ಎಂದು ಒಬ್ಬ ಕೂಗಿದ. "ಅಕ್ಕಾ, ಬಾ ಸಾಕು," ಎಂದು ಅಂಬಿಕಾ ಆಚೆಯಿಂದ ಕರೆದಳು.

"ತಡಿಯವಾ," ಎಂದಳು ಚನ್ನವ್ವ, ಬಸ್ಸಿನಿಂದ ಕಣ್ಣು ಕೀಳದೆ. "ನಿಂದರೂದು ಕಲಿತೈತಿ. ಇನ್ನ ಸ್ವಲ್ಪ ಕಲೀಲಿ."